ಡ್ರೋನ್ ನಕ್ಷೆ ಬಂದರೆ ಮನೆ ಕಂದಾಯ ಸರಿಹೋಗುತ್ತಾ? ದಾವಣಗೆರೆಯವರು ಸ್ವಲ್ಪ ಮಾತಾಡೋಣ

ನಕ್ಷೆ ಕೆಲಸದವನು, ವಿದ್ಯಾನಗರ
ಗುರುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಜಿಐಎಸ್ ಕೆಲಸ ಮಾಡುತ್ತಿದ್ದೇನೆ. ಜಿಐಎಸ್ ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ನಕ್ಷೆಯ ಮೇಲಿರುವ ಒಂದೊಂದು ಮನೆಗೂ ಅದರ ಕಾಗದದ ವಿವರ ಕಟ್ಟುವುದು, ಅಷ್ಟೇ. ಮನೆ ಮೇಲೆ ಒತ್ತಿದರೆ ಅಳತೆ, ಖಾತೆ ನಂಬರು, ಕಂದಾಯದ ಬಾಕಿ ಎಲ್ಲ ಕಾಣಬೇಕು. ಬೇರೆ ಜಿಲ್ಲೆಗಳ ಪಟ್ಟಣಗಳಲ್ಲಿ ಮಾಡಿದ್ದೇನೆ. ನಮ್ಮ ಊರಿನಲ್ಲಿ ಇನ್ನೂ ಮಾಡಿಲ್ಲ.

ಮೊನ್ನೆ ಗೆಳೆಯರ ಜೊತೆ ಬೆಣ್ಣೆ ದೋಸೆ ತಿನ್ನುತ್ತಾ ಕೂತಿದ್ದೆ. ಒಬ್ಬರು ಹೇಳಿದರು, ಡ್ರೋನ್ ಹಾರಿಸಿದರೆ ಸಾಕು, ಒಂದೇ ವರ್ಷಕ್ಕೆ ಕಂದಾಯ ಎರಡು ಪಟ್ಟು ಬರುತ್ತೆ ಅಂತ. ಪಕ್ಕದವರು ಹೇಳಿದರು, ಅದೆಲ್ಲ ಬಡವರ ಮನೆ ಅಳೆಯೋಕೆ ಅಂತ. ಎರಡೂ ಮಾತು ಮನಸ್ಸಿನಲ್ಲಿ ಕೊರೆಯುತ್ತಿವೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರಿನ ಗಾತ್ರ ನೋಡಿ. 2007ರಲ್ಲಿ ಮಹಾನಗರ ಪಾಲಿಕೆ ಆಯಿತು. 2011ರ ಜನಗಣತಿಯಲ್ಲೇ ಜನಸಂಖ್ಯೆ 4.3 ಲಕ್ಷ ದಾಟಿತ್ತು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ನಮ್ಮ ಹೆಸರು ಬಂತು. ಆಚೆ ಶಾಮನೂರು, ಈಚೆ ಆವರಗೆರೆ, ಊರು ಎಲ್ಲಾ ಕಡೆ ಹಬ್ಬಿದೆ. ಇಷ್ಟು ದೊಡ್ಡ ಊರನ್ನು ರಿಜಿಸ್ಟರ್ ಪುಸ್ತಕದಲ್ಲಿ ಹಿಡಿದಿಡುವುದು ಕಷ್ಟ. ಮನೆ ಒಂದು ವರ್ಷದಲ್ಲಿ ಏಳುತ್ತೆ. ಅದು ಪುಸ್ತಕಕ್ಕೆ ಬರೋಕೆ ಎಷ್ಟೋ ವರ್ಷ ಹಿಡಿಯುತ್ತೆ.

ಮೇಲಿನಿಂದ ತೆಗೆದ ಚಿತ್ರ ಈ ಅಂತರವನ್ನು ತೋರಿಸುತ್ತೆ. 2016-17ರ ಕೇಂದ್ರದ ಆರ್ಥಿಕ ಸಮೀಕ್ಷೆಯಲ್ಲಿ ಉಪಗ್ರಹ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕಿದ್ದರು. ಬೆಂಗಳೂರು ಮತ್ತು ಜೈಪುರ ತಮಗೆ ಬರಬಹುದಾದ ಆಸ್ತಿ ತೆರಿಗೆಯಲ್ಲಿ ಶೇ 5ರಿಂದ 20ರಷ್ಟನ್ನು ಮಾತ್ರ ಪಡೆಯುತ್ತಿವೆ ಅಂತ ಬಂತು. ಬೆಂಗಳೂರಿನ ಗತಿಯೇ ಹಾಗಿದ್ದರೆ ಬೇರೆ ಊರುಗಳ ಬಗ್ಗೆ ಯೋಚನೆ ಮಾಡಲೇಬೇಕು.

ಆದರೂ ನಕ್ಷೆ ಒಂದರಿಂದಲೇ ಕಂದಾಯ ಬರುತ್ತೆ ಅಂತ ನಾನು ನಂಬಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಮಾತು ಕೇಳಬೇಕು.

ಮಂಡಿಪೇಟೆ ಅಂಗಡಿ
ಗುರುವಾರ, ರಾತ್ರಿ 10:15

ಸರ್, ನೇರವಾಗಿ ಕೇಳುತ್ತೇನೆ. ನಮ್ಮ ತಂದೆ ಕಾಲದಿಂದ ಏಪ್ರಿಲ್‌ನಲ್ಲೇ ಕಟ್ಟಿಬಿಡುತ್ತೇವೆ. ಶೇ 5 ರಿಯಾಯಿತಿ ಸಿಗುತ್ತೆ. ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ, ಅದು ಯಾರಿಗೆ ಬೇಕು? ನಮ್ಮಂಥವರ ಹೆಸರು ಪುಸ್ತಕದಲ್ಲಿ ಇದ್ದೇ ಇದೆ. ನಕ್ಷೆ ಬಂದ ಮೇಲೆ ಮತ್ತೆ ನಮ್ಮನ್ನೇ ಹಿಡಿದು ಇನ್ನೂ ಜಾಸ್ತಿ ಕಟ್ಟಿ ಅಂದರೆ? ಕಟ್ಟದವರು ಆರಾಮಾಗಿ ಇರುತ್ತಾರೆ. ನನಗೆ ಇರೋ ಭಯ ಇಷ್ಟೇ.

ನಕ್ಷೆ ಕೆಲಸದವನು, ವಿದ್ಯಾನಗರ
ಗುರುವಾರ, ರಾತ್ರಿ 10:50

ಅಣ್ಣಾ, ಈ ಭಯ ನ್ಯಾಯವಾದದ್ದು. ಕೆಲಸ ಯಾವ ಕಡೆಯಿಂದ ಶುರು ಮಾಡುತ್ತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಕಂದಾಯ ತಪ್ಪೋದು ಮೂರು ತರಹ. ಪುಸ್ತಕದಲ್ಲಿ ಇಲ್ಲವೇ ಇಲ್ಲದ ಮನೆ ಒಂದು. ಪುಸ್ತಕದಲ್ಲಿ ಇದ್ದರೂ ಅಳತೆ ಕಡಿಮೆ ಬರೆಸಿದ್ದು, ಅಥವಾ ಅಂಗಡಿಯನ್ನು ಮನೆ ಅಂತ ಬರೆಸಿದ್ದು ಇನ್ನೊಂದು. ಎಲ್ಲಾ ಸರಿಯಾಗಿ ಬರೆಸಿ ದುಡ್ಡು ಮಾತ್ರ ಕಟ್ಟದೇ ಇರುವುದು ಮೂರನೆಯದು. ಮೊದಲನೆಯದಕ್ಕೆ ನಕ್ಷೆ ತುಂಬಾ ಉಪಯೋಗ. ಚಿತ್ರದಲ್ಲಿ ಚಾವಣಿ ಇದೆ, ಪುಸ್ತಕದಲ್ಲಿ ನಂಬರು ಇಲ್ಲ, ಅಲ್ಲೇ ಸಿಕ್ಕಿಬಿತ್ತು. ಎರಡನೆಯದಕ್ಕೆ ಅರ್ಧ ಉಪಯೋಗ. ಮೂರನೆಯದಕ್ಕೆ ಬಹಳ ಕಡಿಮೆ. ಬಾಕಿ ಇರುವ ಮನೆಗೆ ಕೆಂಪು ಬಣ್ಣ ಹಚ್ಚಿದರೆ ಯಾವ ಬೀದಿಗೆ ಮೊದಲು ಹೋಗಬೇಕು ಅಂತ ತಿಳಿಯುತ್ತೆ. ಬಾಗಿಲು ತಟ್ಟೋಕೆ ಮನುಷ್ಯನೇ ಹೋಗಬೇಕು.

ನೀವು ಹೇಳಿದ್ದಕ್ಕೆ ಒಂದು ದಾರಿ ಇದೆ. ಚಿತ್ರದಲ್ಲಿ ಗುರುತಿಸಿದ ಚಾವಣಿಗಳಲ್ಲಿ ಯಾವ ಖಾತೆಗೂ ಹೊಂದದೆ ಉಳಿದವನ್ನು ಗಾತ್ರದ ಪ್ರಕಾರ ಜೋಡಿಸುವುದು. ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ಕೆಲಸ ಮೇಲಿನಿಂದ ಶುರು. ಆಗ ಗೋಡೌನು, ಕಲ್ಯಾಣ ಮಂಟಪ, ಕಾಂಪ್ಲೆಕ್ಸುಗಳಿಗೆ ಮೊದಲು ನೋಟಿಸು ಹೋಗುತ್ತೆ. ತಗಡಿನ ಶೀಟಿನ ಮನೆಗಳ ಸರದಿ ಕೊನೆಗೆ. ಕಂಪ್ಯೂಟರಿನಲ್ಲಿ ಇದು ಒಂದು ನಿಮಿಷದ ಕೆಲಸ. ಹೀಗೇ ಮಾಡಬೇಕು ಅಂತ ತೀರ್ಮಾನ ಮಾಡೋಕೆ ಮನಸ್ಸು ಬೇಕು.

ಕೆಟಿಜೆ ನಗರದ ಟೀಚರ್
ಶುಕ್ರವಾರ, ಬೆಳಿಗ್ಗೆ 7:05

ಮೇಲಿನಿಂದ ಚಿತ್ರ ತೆಗೆದರೆ ನಮ್ಮ ಮನೆ ಅಳತೆ ಎಷ್ಟು ನಿಖರವಾಗಿ ಬರುತ್ತೆ? ಗೂಗಲ್ ಮ್ಯಾಪಿನಲ್ಲಿ ನಮ್ಮ ಮನೆ ಬರೀ ಬಿಳಿ ಚುಕ್ಕೆ ತರಹ ಕಾಣುತ್ತೆ.

ನಕ್ಷೆ ಕೆಲಸದವನು, ವಿದ್ಯಾನಗರ
ಶುಕ್ರವಾರ, ಬೆಳಿಗ್ಗೆ 8:30

ಅಕ್ಕಾ, 30×40 ಸೈಟು ಇಟ್ಟುಕೊಂಡು ಹೇಳುತ್ತೇನೆ. ಮೀಟರಿನಲ್ಲಿ ಸುಮಾರು 9×12.

2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1ರ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಎರಡೂವರೆ ಮೀಟರ್. ನಿಮ್ಮ ಸೈಟು ಆ ಚಿತ್ರದಲ್ಲಿ ಬರೀ 18 ಚುಕ್ಕಿ. ಅದರಲ್ಲಿ ಮನೆ ಯಾವುದು, ಕಾಂಪೌಂಡು ಯಾವುದು ಅಂತ ಹೇಳೋಕೆ ಬರಲ್ಲ. 2019ರ ಕಾರ್ಟೋಸ್ಯಾಟ್-3ರಲ್ಲಿ ಒಂದು ಚುಕ್ಕಿ ಸುಮಾರು 25 ಸೆಂಟಿಮೀಟರ್. ಅದೇ ಸೈಟಿಗೆ ಹತ್ತಿರ ಹತ್ತಿರ 1,800 ಚುಕ್ಕಿ ಬೀಳುತ್ತವೆ. ಮನೆ ಆಕಾರ ಚೆನ್ನಾಗಿ ಕಾಣುತ್ತೆ. ಡ್ರೋನ್ ಕೆಳಗೆ ಹಾರಿ 5 ಸೆಂಟಿಮೀಟರಿಗೆ ಚಿತ್ರ ತೆಗೆದರೆ 44,000ಕ್ಕೂ ಜಾಸ್ತಿ. ನೀರಿನ ಟ್ಯಾಂಕಿನ ಮುಚ್ಚಳ, ಒಣಗಲು ಹಾಕಿದ ಸೀರೆ ಎಲ್ಲಾ ಕಾಣುತ್ತೆ.

ಆದರೆ ಎಷ್ಟೇ ಹತ್ತಿರದಿಂದ ನೋಡಿದರೂ ಕಾಣೋದು ಚಾವಣಿ ಮಾತ್ರ. ಗೋಡೆ ಎಲ್ಲಿದೆ ಅಂತ ಕಾಣಲ್ಲ. ಸಜ್ಜಾ ಎರಡು ಅಡಿ ಹೊರಗೆ ಚಾಚಿದ್ದರೆ ಅದೂ ಮನೆ ಅಳತೆಗೆ ಸೇರಿಬಿಡುತ್ತೆ. ಒಳಗೆ ಎಷ್ಟು ಮಹಡಿ, ಕೆಳಗೆ ಅಂಗಡಿಯಾ ಮನೆಯಾ, ತೆಂಗಿನ ಗರಿ ಕೆಳಗೆ ಏನಿದೆ, ಯಾವುದೂ ಕಾಣಲ್ಲ.

ಯುಬಿಡಿಟಿ ಸಿವಿಲ್ ಹುಡುಗ
ಶುಕ್ರವಾರ, ಮಧ್ಯಾಹ್ನ 1:20

ಸರ್, ನಾನು ನಮ್ಮ ಬೀದಿಯನ್ನು ಪ್ರಯೋಗಕ್ಕೆ ಅಂತ ಮಾಡಿ ನೋಡಿದ್ದೆ. ಕ್ಯೂಜಿಐಎಸ್ ಪುಕ್ಕಟೆ ಸಾಫ್ಟ್‌ವೇರ್, ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಚಿತ್ರದ ಮೇಲೆ ಒಂದೊಂದು ಚಾವಣಿಗೂ ಗೆರೆ ಎಳೆದೆ. ಎರಡು ಬೀದಿಗೆ ಎರಡು ಸಂಜೆ ಸಾಕಾಯಿತು. ಆಮೇಲೆ ಮೊಬೈಲ್ ಹಿಡಿದು ಮನೆ ಮನೆ ಮುಂದೆ ನಿಂತು ಜಿಪಿಎಸ್ ಗುರುತು ಹಾಕಿದೆ. ಮನೆಗೆ ಬಂದು ಎರಡನ್ನೂ ಜೋಡಿಸಿದರೆ ಎಷ್ಟೋ ಗುರುತು ಪಕ್ಕದ ಮನೆ ಚಾವಣಿ ಮೇಲೆ ಬಿದ್ದಿವೆ! ನಾನು ಏನು ತಪ್ಪು ಮಾಡಿದೆ?

ನಕ್ಷೆ ಕೆಲಸದವನು, ವಿದ್ಯಾನಗರ
ಶುಕ್ರವಾರ, ಮಧ್ಯಾಹ್ನ 2:00

ತಪ್ಪು ನಿನ್ನದಲ್ಲ ತಮ್ಮಾ. ಮೊಬೈಲ್ ಜಿಪಿಎಸ್ ಬಯಲಲ್ಲೇ ಮೂರರಿಂದ ಐದು ಮೀಟರ್ ಆಚೀಚೆ ಆಗುತ್ತೆ. ಇಕ್ಕಟ್ಟಾದ ಬೀದಿಯಲ್ಲಿ ಗೋಡೆಗೆ ಬಡಿದು ಬರುವ ಸಿಗ್ನಲ್‌ನಿಂದ ಇನ್ನೂ ಜಾಸ್ತಿ. 20 ಅಡಿ ಅಗಲದ ಸೈಟು ಅಂದರೆ 6 ಮೀಟರ್. ಬಿಂದು ಪಕ್ಕದ ಮನೆಗೆ ಹೋಗೋದು ಸಹಜ. ಅದಕ್ಕೇ ಸರ್ವೆಗೆ ಹೋದವರು ಜಿಪಿಎಸ್ ನಂಬಿಕೊಂಡು ಕೂರಬಾರದು. ಟ್ಯಾಬಿನಲ್ಲಿ ಚಿತ್ರ ತೆರೆದು, ಮನೆಯವರ ಎದುರೇ ಆ ಚಾವಣಿಯ ಮೇಲೆ ಬೆರಳಿಟ್ಟು, ಇದೇ ಅಲ್ವಾ ನಿಮ್ಮ ಮನೆ ಅಂತ ಕೇಳಿ ಗುರುತು ಹಾಕಬೇಕು.

ಹಳೇ ಕಂದಾಯದವರು
ಶುಕ್ರವಾರ, ಸಂಜೆ 6:45

ನಾನು ಬಿಲ್ ಕಲೆಕ್ಟರ್ ಆಗಿ ನಿವೃತ್ತಿಯಾದವನು. ಯಾವ ಊರು ಅಂತ ಹೇಳುವುದು ಬೇಡ. ಈಗ ದಾವಣಗೆರೆಯಲ್ಲಿ ಮಗನ ಮನೆಯಲ್ಲಿ ಇದ್ದೇನೆ. ಇಲ್ಲಿ ನಡೆಯುತ್ತಿರುವ ಮಾತು ಓದಿ ಸಂತೋಷವಾಯಿತು. ನನ್ನದೂ ಒಂದಿಷ್ಟು ಹೇಳುತ್ತೇನೆ.

ನಮ್ಮ ಕಾಲದಲ್ಲಿ ಡಿಸಿಬಿ ರಿಜಿಸ್ಟರ್ ಅಂತ ಇತ್ತು. ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಅಂತ ಮೂರು ಕಾಲಂ. ಮೊಣಕೈ ಉದ್ದದ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಬಾಕಿ ಕಾಲಂ ಪಕ್ಕದ ಖಾಲಿ ಜಾಗದಲ್ಲಿ ನಾನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ‘ಬೀಗ, ಮಗ ಪುಣೆ.’ ‘ಅಣ್ಣ ತಮ್ಮ ಕೋರ್ಟು.’ ‘ಸಂಬಳ 5ಕ್ಕೆ, 7ಕ್ಕೆ ಹೋಗು.’ ‘ಹಿಂದಿನ ಬಾಗಿಲು.’ ಇವು ಯಾವ ಕಾಲಂನಲ್ಲೂ ಇರಲಿಲ್ಲ. ಆದರೆ ವಸೂಲಿ ಆಗುತ್ತಿದ್ದದ್ದು ಈ ಪೆನ್ಸಿಲ್ ಬರಹದಿಂದ. ನಾನು ವರ್ಗವಾಗಿ ಹೋದಾಗ ಹೊಸಬರು ಬಂದರು. ಅವರಿಗೆ ಪುಸ್ತಕ ಸಿಕ್ಕಿತು, ಪೆನ್ಸಿಲ್ ಗುರುತಿನ ಅರ್ಥ ಸಿಗಲಿಲ್ಲ. ಆ ವರ್ಷ ವಸೂಲಿ ಬಿದ್ದುಹೋಯಿತು.

ನಕ್ಷೆ ಮಾಡುವವರು ದಯವಿಟ್ಟು ಒಂದು ಕಾಲಂ ಇದಕ್ಕೂ ಇಡಿ. ಮನೆ ಎಲ್ಲಿದೆ ಅನ್ನುವುದು ನಮಗೆ ಗೊತ್ತಿತ್ತು. ಯಾವಾಗ ಹೋದರೆ ಬಾಗಿಲು ತೆಗೆಯುತ್ತಾರೆ ಅನ್ನುವುದೇ ಕೆಲಸ.

ಇನ್ನೊಂದು ಮಾತು. 2002ರ ಸುಮಾರಿಗೆ ಸ್ವಯಂ ಘೋಷಿತ ಪದ್ಧತಿ ಬಂತು. ಅದಕ್ಕೆ ಮುಂಚೆ ನಾವೇ ಮನೆಗೆ ಹೋಗಿ ಬೆಲೆ ಕಟ್ಟುತ್ತಿದ್ದೆವು. ಆಮೇಲೆ ಮಾಲೀಕರೇ ಸೈಟಿನ ಅಳತೆ, ಕಟ್ಟಡದ ಅಳತೆ, ಆರ್‌ಸಿಸಿಯಾ ಹೆಂಚಾ ಶೀಟಾ, ಕಟ್ಟಿದ ವರ್ಷ ಯಾವುದು ಅಂತ ತುಂಬಿ ಕೊಡಬೇಕಾಯಿತು. ಜನರನ್ನು ನಂಬಿ ಮಾಡಿದ ಪದ್ಧತಿ ಅದು, ಒಳ್ಳೆಯದೇ. ಆದರೆ ತಾಳೆ ನೋಡಲು ಕೈಯಲ್ಲಿ ಏನೂ ಇರಲಿಲ್ಲ. ಆ ತಾಳೆ ನೋಡುವ ಕೆಲಸವನ್ನು ನಕ್ಷೆ ಮಾಡಬಹುದು.

ಮಂಡಿಪೇಟೆ ಅಂಗಡಿ
ಶುಕ್ರವಾರ, ಸಂಜೆ 7:30

ಹಿರಿಯರು ಬರೆದದ್ದು ಓದಿ ನಮ್ಮ ಬೀದಿಗೆ ಬರುತ್ತಿದ್ದ ಬಿಲ್ ಕಲೆಕ್ಟರ್ ನೆನಪಾದರು. ಮಳೆಗಾಲದಲ್ಲಿ ಚೀಲ ಎದೆಗೆ ಅವುಚಿಕೊಂಡು ಬರುತ್ತಿದ್ದರು. ಅಪ್ಪ ಮಂಡಕ್ಕಿ, ಮಿರ್ಚಿ ತರಿಸಿ ಕೂರಿಸಿ ಮಾತಾಡಿಸುತ್ತಿದ್ದರು.

ಆವರಗೆರೆ ಕಡೆಯವನು
ಶುಕ್ರವಾರ, ರಾತ್ರಿ 9:10

ನಮ್ಮ ಸಮಸ್ಯೆ ಬೇರೆ. ನಮ್ಮದು ರೆವಿನ್ಯೂ ಸೈಟು. ಹೊಲ ಇದ್ದಿದ್ದನ್ನು ಹಾಗೇ ತುಂಡು ಮಾಡಿ ಮಾರಿದರು. ಮನೆ ಕಟ್ಟಿ ವಾಸ ಇದ್ದೇವೆ, ಕರೆಂಟ್ ಇದೆ. ಖಾತೆ ಕೇಳಿದರೆ ವರ್ಷಗಟ್ಟಲೆ ಇಲ್ಲ ಅಂದರು. ನಾವು ಕಂದಾಯ ಕಟ್ಟಲ್ಲ ಅಂತ ಕೂತವರಲ್ಲ. ನಮ್ಮಿಂದ ತಗೊಳ್ಳೋಕೆ ಪುಸ್ತಕದಲ್ಲಿ ಜಾಗ ಇರಲಿಲ್ಲ. 2025ರಲ್ಲಿ ಇಂಥ ಸೈಟುಗಳನ್ನು ಬೇರೆ ವಹಿಯಲ್ಲಿ ಬರೆದುಕೊಳ್ಳುವ ಬಿ ಖಾತಾ ಅಭಿಯಾನ ಬಂದಾಗ ಅರ್ಜಿ ಹಾಕಿದೆವು. ನಕ್ಷೆಯಲ್ಲಿ ನಮ್ಮಂಥವರನ್ನು ಹೇಗೆ ತೋರಿಸುತ್ತಾರೆ? ಕಳ್ಳರ ಪಟ್ಟಿಯಲ್ಲಾ?

ಹಳೇ ಕಂದಾಯದವರು
ಶುಕ್ರವಾರ, ರಾತ್ರಿ 9:35

ಹಾಗೆ ತೋರಿಸಬಾರದು ತಮ್ಮಾ. ಖಾತೆ ಅನ್ನುವುದು ಕಂದಾಯದ ದಾಖಲೆ, ಹಕ್ಕುಪತ್ರ ಅಲ್ಲ. ಬಿ ವಹಿಯಲ್ಲಿ ಬಂದರೆ ಸೈಟು ಸಕ್ರಮ ಆಯಿತು ಅಂತ ಅರ್ಥ ಅಲ್ಲ. ಕಂದಾಯ ಕಟ್ಟುವ ಮನೆ ಅಂತ ಲೆಕ್ಕಕ್ಕೆ ಬಂತು, ಅಷ್ಟು. ಆದರೆ ಲೆಕ್ಕಕ್ಕೆ ಬಂದ ಮೇಲೆ ನಿಮ್ಮ ಬೀದಿಗೆ ಚರಂಡಿ ಕೇಳುವ ದನಿಗೆ ತೂಕ ಬರುತ್ತೆ. ಚಲನ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ನಕ್ಷೆ ಕೆಲಸದವನು, ವಿದ್ಯಾನಗರ
ಶುಕ್ರವಾರ, ರಾತ್ರಿ 11:20

ಈ ಮಾತು ಬಂದಿದ್ದಕ್ಕೆ ನನ್ನ ಕೈಯಿಂದ ಆದ ಒಂದು ತಪ್ಪು ಹೇಳಬೇಕು. ಯಾವ ಪಟ್ಟಣ ಅಂತ ಬೇಡ.

ಹಳೇ ಪೇಟೆ ಬೀದಿ ಅದು. ಮನೆಗೆ ಮನೆ ಅಂಟಿಕೊಂಡಿವೆ, ಎರಡು ಮನೆಗೆ ಒಂದೇ ಗೋಡೆ. ನಾನು ಆಫೀಸಿನಲ್ಲಿ ಕೂತು ಚಿತ್ರದ ಮೇಲೆ ಗೆರೆ ಎಳೆಯುತ್ತಿದ್ದೆ. ಉದ್ದನೆಯ ಒಂದು ಚಾವಣಿ ಕಂಡಿತು. ಒಂದೇ ಮನೆ ಅಂದುಕೊಂಡು ಸುತ್ತ ಒಂದೇ ಗೆರೆ ಎಳೆದೆ. ಅದರ ಕೆಳಗೆ ಮೂರು ಜನ ಅಣ್ಣತಮ್ಮಂದಿರು ಇದ್ದರು. ಪಾಲಾಗಿ ಎಷ್ಟೋ ವರ್ಷ ಆಗಿತ್ತು. ಮೂರು ಖಾತೆ, ಮೂರು ಒಲೆ, ಒಂದೇ ಚಾವಣಿ.

ಇಡೀ ಅಳತೆ ದೊಡ್ಡಣ್ಣನ ಖಾತೆಗೆ ಹೋಯಿತು. ಅವರು ಬರೆಸಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ ಅಂತ ಅವರಿಗೆ ನೋಟಿಸು. ತಮ್ಮಂದಿರ ಖಾತೆಗೆ ಮನೆಯೇ ಇಲ್ಲ ಅಂತ ಬಂತು. ಅಣ್ಣ ಎಲ್ಲಾ ತನ್ನ ಹೆಸರಿಗೆ ಮಾಡಿಸಿಕೊಂಡ ಅಂತ ತಮ್ಮಂದಿರಿಗೆ ಅನುಮಾನ. ಮಾತು ಬಿಟ್ಟರು. ಆ ಹಿರಿಯರು ಪಾಲುಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ನಮ್ಮ ಶಿಬಿರಕ್ಕೆ ಬಂದರು. ಕವರ್ ತೆಗೆಯುವಾಗ ಅವರ ಕೈ ನಡುಗುತ್ತಿತ್ತು. ತಿದ್ದೋಕೆ ನನಗೆ ಹತ್ತು ನಿಮಿಷ ಸಾಕಾಯಿತು. ಆ ಮನೆಯಲ್ಲಿ ಮಾತು ಮತ್ತೆ ಯಾವಾಗ ಶುರುವಾಯಿತೋ, ನಾನು ಕೇಳುವ ಧೈರ್ಯ ಮಾಡಲಿಲ್ಲ.

ಅವತ್ತಿನಿಂದ ಹಳೇ ಪೇಟೆ ಅಂದರೆ ಮೊದಲು ಬೀದಿಗೆ ಹೋಗಿ ಬಾಗಿಲು ಎಣಿಸುತ್ತೇನೆ. ಕರೆಂಟ್ ಮೀಟರ್ ಎಣಿಸುತ್ತೇನೆ. ಆಮೇಲೆ ಗೆರೆ. ನಮ್ಮ ಊರಿನ ಚೌಕಿಪೇಟೆ, ಮಂಡಿಪೇಟೆ ಕಡೆ ಬರೀ ಡ್ರೋನ್ ಚಿತ್ರ ನೋಡಿ ಯಾರಾದರೂ ಗೆರೆ ಎಳೆದರೆ ಇದೇ ಆಗುತ್ತೆ. ನಕ್ಷೆಯನ್ನು ಮೊದಲು ಜನರಿಗೆ ತೋರಿಸಬೇಕು, ನೋಟಿಸು ಆಮೇಲೆ ಕೊಡಬೇಕು. ಇದನ್ನು ಹೇಳೋಕೇ ನಾನು ಈ ಚರ್ಚೆ ಶುರು ಮಾಡಿದ್ದು.

ಕೆಟಿಜೆ ನಗರದ ಟೀಚರ್
ಶನಿವಾರ, ಬೆಳಿಗ್ಗೆ 6:50

ಓದಿ ಬೇಜಾರಾಯಿತು ಸರ್. ಹೇಳಿಕೊಂಡಿದ್ದಕ್ಕೆ ಗೌರವವೂ ಬಂತು. ತೋರಿಸುವುದು ಅಂದರೆ ಹೇಗೆ? ಎಲ್ಲರ ಬಾಕಿ ಎಲ್ಲರಿಗೂ ಕಾಣುವ ಹಾಗಾ? ಅದು ಸರಿಯಲ್ಲ ಅನಿಸುತ್ತೆ. ವಿಧವೆಯರು, ಒಂಟಿಯಾಗಿರುವ ಹಿರಿಯರು ಇರುತ್ತಾರೆ.

ನಕ್ಷೆ ಕೆಲಸದವನು, ವಿದ್ಯಾನಗರ
ಶನಿವಾರ, ಬೆಳಿಗ್ಗೆ 8:15

ಹಾಗಲ್ಲ ಅಕ್ಕಾ. ಹೆಸರು, ಫೋನ್ ನಂಬರು, ಬಾಕಿ ಯಾವುದೂ ಬೇಡ. ವಾರ್ಡಿನ ದೊಡ್ಡ ಕಾಗದದ ನಕ್ಷೆಯನ್ನು ವಾರ್ಡ್ ಕಚೇರಿ ಗೋಡೆಗೆ, ಶಾಲೆ ವರಾಂಡಕ್ಕೆ ಹಾಕಬೇಕು. ಅದರಲ್ಲಿ ಮನೆ ಗಡಿ, ಆಸ್ತಿ ನಂಬರು, ಅಳತೆ ಮಾತ್ರ. ಒಂದು ತಿಂಗಳು ಇರಲಿ. ಬಂದು ನೋಡಿ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಲಿ. ಬೀದಿಯವರಿಗೆ ಬೀದಿ ಗೊತ್ತಿರುವಷ್ಟು ಯಾವ ಉಪಗ್ರಹಕ್ಕೂ ಗೊತ್ತಿರಲ್ಲ.

ನಂಬರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಆಸ್ತಿ ನಂಬರಿನೊಳಗೆ ವಾರ್ಡ್ ನಂಬರು ಸೇರಿಸುವ ಪದ್ಧತಿ ಇದೆ. ನೋಡೋಕೆ ಅನುಕೂಲ. ಆದರೆ ನಮ್ಮ ಊರಿನಲ್ಲಿ 2013ರ ಪಾಲಿಕೆ ಚುನಾವಣೆ ಹೊತ್ತಿಗೆ 41 ವಾರ್ಡ್, 2019ಕ್ಕೆ 45. ಗಡಿ ಬದಲಾದಾಗ ನಂಬರನ್ನೂ ಬದಲಿಸಿದರೆ ಹಳೇ ಚಲನ್ ಯಾವ ಮನೆಯದು ಅಂತ ಗೊತ್ತಾಗಲ್ಲ. ಬದಲಿಸದಿದ್ದರೆ ನಂಬರ್ ಒಂದು ವಾರ್ಡ್ ಹೇಳುತ್ತೆ, ಮನೆ ಇನ್ನೊಂದರಲ್ಲಿ ಇರುತ್ತೆ. ಮನೆಗೆ ಒಂದು ಸಲ ಕೊಟ್ಟ ನಂಬರ್ ಯಾವತ್ತೂ ಬದಲಾಗಬಾರದು. ವಾರ್ಡ್ ಬೇರೆ ಕಾಲಂನಲ್ಲಿ ಇರಲಿ. ಇದು ಚಿಕ್ಕ ವಿಷಯ ಅಂತ ಕಾಣುತ್ತೆ. ಜೋಡಣೆ ಕೆಡೋದು ಇಂಥ ಕಡೆಯೇ.

ಯುಬಿಡಿಟಿ ಸಿವಿಲ್ ಹುಡುಗ
ಶನಿವಾರ, ಬೆಳಿಗ್ಗೆ 11:00

ಕರೆಂಟ್ ಮೀಟರ್ ಎಣಿಸುತ್ತೇನೆ ಅಂದಿರಲ್ಲ, ಬೆಸ್ಕಾಂ ಬಿಲ್ಲಿನ ಆರ್‌ಆರ್ ನಂಬರನ್ನೇ ಆಸ್ತಿ ನಂಬರಿಗೆ ಜೋಡಿಸಬಹುದಲ್ಲ ಸರ್? ಮನೆ ಅಂತ ಕಂದಾಯ ಕಟ್ಟಿ, ವಾಣಿಜ್ಯ ಮೀಟರ್ ಹಾಕಿಸಿಕೊಂಡವರು ಆಗಲೇ ಸಿಗುತ್ತಾರೆ. ಹಾಗೇ ನಗರಾಭಿವೃದ್ಧಿ ಪ್ರಾಧಿಕಾರದವರು (ದೂಡಾ) ಒಪ್ಪಿಗೆ ಕೊಟ್ಟ ಬಡಾವಣೆ ನಕ್ಷೆಗಳನ್ನೂ ಹಾಕಿದರೆ ಸೈಟಿನ ಗಡಿ ಸಿಗುತ್ತೆ.

ನಕ್ಷೆ ಕೆಲಸದವನು, ವಿದ್ಯಾನಗರ
ಶನಿವಾರ, ಬೆಳಿಗ್ಗೆ 11:40

ಒಳ್ಳೇ ಯೋಚನೆ. ಮಹಡಿ ಲೆಕ್ಕಕ್ಕೂ ಮೀಟರ್ ಸಹಾಯ ಮಾಡುತ್ತೆ. ಒಂದು ಚಾವಣಿ ಕೆಳಗೆ ನಾಲ್ಕು ಮೀಟರ್ ಇದ್ದರೆ ಬಾಡಿಗೆ ಮನೆಗಳಿವೆ ಅಂತ ಅಂದಾಜು. ಆದರೆ ಅಂದಾಜನ್ನು ಅಂದಾಜು ಅಂತಲೇ ಇಡಬೇಕು. ಮನೆ ಜಗಲಿಯಲ್ಲಿ ಟೈಲರ್ ಮಷಿನ್ ಹಾಕಿಕೊಂಡ ಹೆಂಗಸಿಗೂ ಶೋರೂಮಿಗೂ ಒಂದೇ ನೋಟಿಸು ಹೋಗಬಾರದು.

ಬಡಾವಣೆ ನಕ್ಷೆ ಖಂಡಿತ ಬೇಕು. ಹಳೇ ಕಾಗದ ಮಡಿಚಿ ಮಡಿಚಿ ಹಿಗ್ಗಿರುತ್ತೆ. ಸ್ಕ್ಯಾನ್ ಮಾಡಿ, ಇವತ್ತಿಗೂ ಬದಲಾಗದ ನಾಲ್ಕೈದು ಜಾಗ ಹುಡುಕಿ, ರಸ್ತೆ ಕೂಡುವ ಮೂಲೆ, ಪಾರ್ಕಿನ ಮೂಲೆ, ಹಳೇ ಬಾವಿ, ಅದಕ್ಕೆ ಕೂರಿಸಬೇಕು. ಸರ್ವೆ ನಂಬರ್ ತಿಳಿಯೋಕೆ ದಿಶಾಂಕ್ ಆ್ಯಪ್ ಈಗಲೇ ನಿನ್ನ ಫೋನಿನಲ್ಲಿ ಸಿಗುತ್ತೆ, ಹಾಕಿಕೊಂಡು ನೋಡು.

ಇದೆಲ್ಲ ಹೊಸದೇನೂ ಅಲ್ಲ. ಎರಡು ದಶಕದ ಹಿಂದೆ ನಿರ್ಮಲ ನಗರ ಯೋಜನೆಯಲ್ಲಿ ರಾಜ್ಯದ 57 ಊರುಗಳಿಗೆ ಜಿಐಎಸ್ ಇಟ್ಟುಕೊಂಡ ತೆರಿಗೆ ವ್ಯವಸ್ಥೆ ಮಾಡಲು ಹೊರಟಿದ್ದರು. 2025ರ ಫೆಬ್ರವರಿಯಲ್ಲಿ ಕೇಂದ್ರದವರು ದೇಶದ 152 ಊರುಗಳಲ್ಲಿ ಜಮೀನು ಅಳೆದು ದಾಖಲೆ ಮಾಡುವ ನಕ್ಷಾ ಅನ್ನುವ ಯೋಜನೆ ಶುರು ಮಾಡಿದರು. ನಕ್ಷೆ ಒಂದು ಸಲ ಮಾಡೋದು ಸುಲಭ. ಮಾರನೇ ವರ್ಷ ಯಾರೋ ಮೇಲೆ ಒಂದು ರೂಮು ಕಟ್ಟುತ್ತಾರೆ, ಇನ್ಯಾರೋ ಸೈಟು ಪಾಲು ಮಾಡುತ್ತಾರೆ. ಅದನ್ನು ಆಗಾಗ ತಿದ್ದಲು ಕಚೇರಿಯಲ್ಲೇ ಇಬ್ಬರು ಇರಬೇಕು. ಗುತ್ತಿಗೆ ಮುಗಿದ ಮೇಲೆ ಹೊರಟುಹೋಗುವ ನನ್ನಂಥವರಿಂದ ಅದು ಆಗಲ್ಲ.

ಮಂಡಿಪೇಟೆ ಅಂಗಡಿ
ಶನಿವಾರ, ಮಧ್ಯಾಹ್ನ 3:30

ಎಲ್ಲಾ ಸರಿ. ಕಟ್ಟಿದ ದುಡ್ಡು ನಮ್ಮ ಬೀದಿಗೆ ಬರುತ್ತಾ? ಚಲನ್‌ನಲ್ಲಿ ಆರೋಗ್ಯ ಕರ, ಗ್ರಂಥಾಲಯ ಕರ ಅಂತೆಲ್ಲ ಇರುತ್ತೆ. ಅದು ಎಲ್ಲಿ ಹೋಗುತ್ತೆ?

ಹಳೇ ಕಂದಾಯದವರು
ಶನಿವಾರ, ಸಂಜೆ 5:10

ತೆರಿಗೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಕರ 3. ಈ 24 ರೂಪಾಯಿ ಆಯಾ ಇಲಾಖೆಗೆ ಹೋಗಬೇಕಾದದ್ದು. 100 ರೂಪಾಯಿ ಊರಿನದು. ಇನ್ನೊಂದು ವಿಷಯ ಗೊತ್ತಿರಲಿ. 15ನೇ ಹಣಕಾಸು ಆಯೋಗ ಒಂದು ಷರತ್ತು ಹಾಕಿತು. ರಾಜ್ಯದ ಆರ್ಥಿಕತೆ ಬೆಳೆಯುವ ವೇಗಕ್ಕೆ ತಕ್ಕಂತೆ ಆಸ್ತಿ ತೆರಿಗೆ ವಸೂಲಿಯೂ ಬೆಳೆಯದಿದ್ದರೆ ಊರಿಗೆ ಕೇಂದ್ರದ ಅನುದಾನ ಸಿಗಲ್ಲ ಅಂತ. ಹಾಗಾಗಿ ಪಕ್ಕದವರು ಕಟ್ಟದಿದ್ದರೆ ನಷ್ಟ ಎರಡು ಕಡೆಯಿಂದ. ಕುಂದವಾಡ ಕೆರೆಯಿಂದ ನಲ್ಲಿಗೆ ನೀರು ಬರಬೇಕಾದರೂ ಪಂಪು ಓಡಬೇಕು, ಪೈಪು ರಿಪೇರಿ ಆಗಬೇಕು, ಅಲ್ವಾ?

ಕೆಟಿಜೆ ನಗರದ ಟೀಚರ್
ಭಾನುವಾರ, ಮಧ್ಯಾಹ್ನ 12:30

ಇವತ್ತು ನಾನೂ ಮಗಳೂ ಟೇಪ್ ಹಿಡಿದು ನಮ್ಮ ಮನೆ ಅಳೆದೆವು. ಮಗಳು ಟೇಪಿನ ತುದಿ ಹಿಡಿದಳು, ನಾನು ಬರೆದುಕೊಂಡೆ. ಸಂಪಿನ ಹತ್ತಿರ ಟೇಪ್ ಹೋಗಲಿಲ್ಲ, ಅಲ್ಲಿ ಎರಡು ಸಲ ಅಳೆದು ಕೂಡಿಸಿದೆವು.

ಸೈಟು 30×40. ಹಳೇ ಘೋಷಣೆ ಮಾವನವರು ಕೊಟ್ಟಿದ್ದು. ಅದರಲ್ಲಿ ಮನೆ 24×30, ಅಂದರೆ 720 ಚದರ ಅಡಿ. ಈಗ ಅಳೆದರೆ ನೆಲದ ಮೇಲೆ 24×35, ಅಂದರೆ 840. ಅಡುಗೆಮನೆಯನ್ನು ಹಿಂದಕ್ಕೆ ಐದು ಅಡಿ ಎಳೆದಿದ್ದು ಮರೆತೇಹೋಗಿತ್ತು. ಮೇಲೆ 12×20 ಶೀಟಿನ ರೂಮು, 240 ಚದರ ಅಡಿ. ಒಬ್ಬ ವಿದ್ಯಾರ್ಥಿಗೆ ಬಾಡಿಗೆ ಕೊಟ್ಟಿದ್ದೇವೆ. ಅದು ಎಲ್ಲೂ ಬರೆಸಿಲ್ಲ.

ಒಟ್ಟು 360 ಚದರ ಅಡಿ ಬಿಟ್ಟುಹೋಗಿದೆ. ಬರೆಸಿದ್ದರ ಅರ್ಧದಷ್ಟು! ನಾವು ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಪ್ರತಿ ವರ್ಷ ಹಿಂದಿನ ಚಲನ್ ನೋಡಿ ಅದೇ ಮೊತ್ತ ಕಟ್ಟುತ್ತಾ ಬಂದೆವು. ಮಕ್ಕಳಿಗೆ ಪಾಠ ಹೇಳುವವಳು ನಾನು. ತುಂಬಾ ಸಂಕಟ ಆಯಿತು.

ಕುತೂಹಲಕ್ಕೆ ಚಾವಣಿಯನ್ನೂ ಅಳೆದೆವು. ಸುತ್ತ ಎರಡೆರಡು ಅಡಿ ಸಜ್ಜಾ ಇದೆ. 28×39, ಅಂದರೆ 1,092.

ನಕ್ಷೆ ಕೆಲಸದವನು, ವಿದ್ಯಾನಗರ
ಭಾನುವಾರ, ಮಧ್ಯಾಹ್ನ 1:15

ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ. ನಾನು ಎಂಟು ವರ್ಷ ಹೇಳಲು ಒದ್ದಾಡಿದ್ದನ್ನು ಒಂದು ಟೇಪಿನಲ್ಲಿ ತೋರಿಸಿಬಿಟ್ಟಿರಿ.

ಡ್ರೋನ್ ನಿಮ್ಮ ಮನೆಗೆ 1,092 ಅನ್ನುತ್ತೆ. ನಿಜವಾದ ಕಟ್ಟಡ ಕೆಳಗೆ 840, ಮೇಲೆ 240, ಒಟ್ಟು 1,080. ಹತ್ತಿರ ಹತ್ತಿರ ಒಂದೇ! ಕಚೇರಿಯಲ್ಲಿ ಕೂತವರು ಎರಡನ್ನೂ ನೋಡಿ, ನಕ್ಷೆ ಎಷ್ಟು ಸರಿಯಾಗಿದೆ ಅಂದುಕೊಳ್ಳುತ್ತಾರೆ. ಆದರೆ ನಕ್ಷೆ ಸಜ್ಜಾವನ್ನು ಮನೆ ಅಂತ ಎಣಿಸಿದೆ, ಮೇಲಿನ ರೂಮನ್ನು ಎಣಿಸಿಯೇ ಇಲ್ಲ. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಕೊಂಡಿದೆ. ಶೀಟಿನ ರೂಮಿಗೆ ಆರ್‌ಸಿಸಿ ದರ ಹಾಕಿದರೆ ನಿಮಗೆ ಅನ್ಯಾಯ. ಸಜ್ಜಾ ಚಿಕ್ಕದಿದ್ದು ಮೂರು ಮಹಡಿ ಎಬ್ಬಿಸಿದ ಪಕ್ಕದ ಬೀದಿಯವರಿಗೆ ಭಾರೀ ಲಾಭ.

ಹಳೇ ಕಂದಾಯದವರು
ಭಾನುವಾರ, ಮಧ್ಯಾಹ್ನ 2:40

ಅಮ್ಮಾ, ಸಂಕಟ ಪಡಬೇಡಿ. ತಾವಾಗಿ ಬಂದು ತಿದ್ದಿಸುವವರು ನನ್ನ ಇಡೀ ಸರ್ವೀಸಿನಲ್ಲಿ ಬೆರಳೆಣಿಕೆಯಷ್ಟು. ಹೊಸ ಘೋಷಣೆ ತುಂಬುವಾಗ ಮೂರೂ ಭಾಗಕ್ಕೆ ಬೇರೆ ಬೇರೆ ವರ್ಷ ಹಾಕಿ. ಹಳೇ ಮನೆ ಯಾವಾಗ, ಅಡುಗೆಮನೆ ಹಿಂದಕ್ಕೆ ಎಳೆದದ್ದು ಯಾವಾಗ, ಮೇಲಿನ ರೂಮು ಯಾವಾಗ. ಕಟ್ಟಡ ಹಳತಾದಷ್ಟೂ ಸವಕಳಿ ಕಳೆಯುತ್ತಾರೆ. ಎಲ್ಲಕ್ಕೂ ಒಂದೇ ವರ್ಷ ಹಾಕಿದರೆ ನಿಮಗೇ ನಷ್ಟ. ಮೇಲಿನದು ಶೀಟು ಅಂತ ಸ್ಪಷ್ಟವಾಗಿ ಬರೆಯಿರಿ. ಸ್ವೀಕೃತಿ ಇಲ್ಲದೆ ಬರಬೇಡಿ.

ಮಂಡಿಪೇಟೆ ಅಂಗಡಿ
ಭಾನುವಾರ, ಸಂಜೆ 4:00

ನಾನೂ ಅಂಗಡಿ ಮೇಲಿನ ಗೋಡೌನು ಅಳೆಯುತ್ತೇನೆ. ಸಿವಿಲ್ ತಮ್ಮಾ, ಉದ್ದದ ಟೇಪ್ ಇದ್ದರೆ ಬುಧವಾರ ಸಂಜೆ ಬಾ.

ಯುಬಿಡಿಟಿ ಸಿವಿಲ್ ಹುಡುಗ
ಭಾನುವಾರ, ಸಂಜೆ 4:12

ಬರುತ್ತೇನೆ ಅಣ್ಣಾ. 30 ಮೀಟರಿನ ಟೇಪ್ ಇದೆ.

ಕೆಟಿಜೆ ನಗರದ ಟೀಚರ್
ಭಾನುವಾರ, ರಾತ್ರಿ 8:50

ವರ್ಷ ಸಿಕ್ಕಿತು. ಅಡುಗೆಮನೆ ಎಳೆದದ್ದು 2011, ಮಗಳು ಹುಟ್ಟಿದ ವರ್ಷ. ಬಾಣಂತನಕ್ಕೆ ಅಮ್ಮ ಬಂದಾಗ ಒಲೆ ಹಿತ್ತಲಲ್ಲಿ ಇತ್ತು ಅಂತ ಈಗಲೂ ಹೇಳುತ್ತಿರುತ್ತಾರೆ. ಮೇಲಿನ ರೂಮಿನ ಶೀಟು ತಂದ ಬಿಲ್ಲು ಮಾವನವರ ಟ್ರಂಕಿನಲ್ಲಿತ್ತು, 2017.

ನಾಳೆ ಅರ್ಧ ದಿನ ರಜೆ ಹಾಕಿದ್ದೇನೆ. ಮಗಳು ಮನೆಯ ಚಿತ್ರವನ್ನು ಗ್ರಾಫ್ ಹಾಳೆಯಲ್ಲಿ ಬರೆದುಕೊಟ್ಟಿದ್ದಾಳೆ. ಸಜ್ಜಾಕ್ಕೆ ಚುಕ್ಕಿ ಗೆರೆ, ಗೋಡೆಗೆ ದಪ್ಪ ಗೆರೆ. ಅದು, ಹಳೇ ಚಲನ್, ಕರೆಂಟ್ ಬಿಲ್, ಶೀಟಿನ ಬಿಲ್ಲು ನಾಲ್ಕನ್ನೂ ಒಂದೇ ಕವರಿನಲ್ಲಿ ಇಟ್ಟಿದ್ದೇನೆ.